ಫ್ಲಶ್ ಟ್ಯಾಂಕ್ ಬುಡದ ನೀರು

ಮೊದಲೇ ಹೇಳಿಬಿಡ್ತೀನಿ, ಇದು ಕಕ್ಕಸಿನ ಕಥೆ. ಮೂಗು ಮುಚ್ಚಿಕೊಳ್ಳೋರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ನಲವತ್ತಾರು ವರ್ಷ ಪ್ಲಂಬರ್ ಹೆಂಡತಿಯಾಗಿ ಬಾಳಿದೋಳು ನಾನು. ನಮ್ಮನೇಲಿ ಊಟಕ್ಕೆ ಕೂತಾಗಲೂ ಯಾರದೋ ಮನೆ ಪೈಪ್ ಕಟ್ಟಿಕೊಂಡ ಸುದ್ದಿಯೇ. ಅದನ್ನ ಕೇಳ್ತಾ ಕೇಳ್ತಾನೇ ಮಗನ್ನ ಸಾಕಿದ್ದೀನಿ, ಸೊಸೆ ತಂದಿದ್ದೀನಿ, ಊರೋರ ಬಟ್ಟೆ ಹೊಲಿದಿದ್ದೀನಿ.

ವಿಷಯ ಇಷ್ಟೇ. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ನಮ್ಮ ಬಚ್ಚಲಲ್ಲಿ ಕಮೋಡಿನ ಮುಂದೆ ನೀರು ನಿಲ್ಲೋಕೆ ಶುರುವಾಯ್ತು. ಹೆಚ್ಚೇನಲ್ಲ, ಒಂದು ಲೋಟದಷ್ಟು. ಒರೆಸಿದ್ರೆ ಹೋಗುತ್ತೆ, ಮಾರನೇ ದಿನ ಅದೇ ಹೊತ್ತಿಗೆ ಹಾಜರ್. ಸ್ನಾನದ ನೀರು ಅನ್ನೋ ಹಾಗಿಲ್ಲ. ಸ್ನಾನದ ಮೂಲೆಗೆ ಅಡ್ಡ ಕಟ್ಟೆ ಇದೆ, ಪರದೆ ಇದೆ, ಎರಡೂ ಇವರೇ ಕೂರಿಸಿದ್ದು. ಮಗ ಇರೋದು ದೂರದೂರಲ್ಲಿ, ಕೆಲಸದ ಮೇಲೆ. ಹಾಗಾದ್ರೆ ಉಳಿದಿದ್ದು ಎರಡೇ. ಒಂದೋ ಗೋಡೆಗೆ ಅಂಟಿಕೊಂಡಿರೋ ಫ್ಲಶ್ ಟ್ಯಾಂಕ್ ಸೋರಬೇಕು, ಇಲ್ಲ ಅಂದ್ರೆ ನಮ್ಮ ಯಜಮಾನರು.

ಸೊಸೆ ಕನ್ನಡಕದ ಅಂಗಡೀಲಿ ಕೆಲಸ ಮಾಡ್ತಾಳೆ. ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು. ಆದ್ರೆ ಈ ವಿಷಯಕ್ಕೆ ಬಂದಾಗ ಅವಳೂ ಬೆಣ್ಣೆಯಿಂದ ಕೂದಲು ತೆಗೆಯೋ ಹಾಗೆ ಮಾತು ತೆಗೆದಳು. "ಅತ್ತೆ, ನಾನು ಸ್ನಾನ ಮುಗಿಸಿ ಬರೋವಾಗ ಅಲ್ಲಿ ನೆಲ ಒಣಗಿರುತ್ತೆ. ಆಮೇಲೆ ಮಾವ ಹೋಗ್ತಾರೆ. ಆಮೇಲೆ ನೀವು ನೀರು ನೋಡ್ತೀರ. ನಾನು ಹೆಚ್ಚೇನೂ ಹೇಳಲ್ಲ."

"ಹೇಳಿ ಆಯ್ತಲ್ಲಮ್ಮ," ಅಂದೆ.

"ವಯಸ್ಸಾದ್ಮೇಲೆ ಎಲ್ಲರಿಗೂ ಆಗೋದೇ, ಅತ್ತೆ. ಡಾಕ್ಟರಿಗೆ ತೋರಿಸಿದ್ರೆ ತಪ್ಪೇನು?"

ತಪ್ಪೇನಿಲ್ಲ, ನಿಜ. ಆದ್ರೆ ಅದನ್ನ ಇವರಿಗೆ ಹೇಳೋರು ಯಾರು? ಎಪ್ಪತ್ತೆರಡು ವರ್ಷ, ಇವತ್ತಿಗೂ ಏಣಿ ಹತ್ತಿ ನೀರಿನ ತೊಟ್ಟಿ ತೊಳೆಯೋ ಮನುಷ್ಯ. ನಾನು ಜಾಣೆ, ನೇರವಾಗಿ ಹೇಳಲಿಲ್ಲ. ಒಂದು ದಿನ ನೆಲ ಒರೆಸ್ತಾ, ಗೋಡೆಗೆ ಹೇಳೋ ಹಾಗೆ, "ಸ್ವಲ್ಪ ನೋಡಿಕೊಂಡು ಹೋಗಬಾರದಾ" ಅಂದೆ. ಗೋಡೆ ಏನೂ ಹೇಳಲಿಲ್ಲ. ಇವರು ಕೇಳಿಸಿಕೊಂಡ್ರು.

ಆ ಗಳಿಗೆಯಿಂದ ಟ್ಯಾಂಕಿನ ಮೇಲೆ ಯುದ್ಧ ಶುರು.

ಇವರ ಕೆಲಸಕ್ಕೊಂದು ನಿಯಮ. ಯಾವ ಮನೆಗೆ ಹೋಗಲಿ, ಮೊದಲು ನೀರಿನ ವಾಲ್ವ್ ಬಂದ್. ಆಮೇಲೆ ಟ್ಯಾಂಕ್ ಪೂರ್ತಿ ಖಾಲಿ. ಆಮೇಲೇ ಕೈ ಹಾಕೋದು. ಯಾವುದೋ ಕಾಲದಲ್ಲಿ ಯಾರದೋ ಮನೇಲಿ ಟ್ಯಾಂಕ್ ಒಡೆದು ಮೈಮೇಲೆಲ್ಲ ಸುರಿದಿತ್ತಂತೆ, ಅವತ್ತಿಂದ ತಲೆ ಹೋದರೂ ಈ ನಿಯಮ ತಪ್ಪಿಸಲ್ಲ. ನಮ್ಮನೆ ಟ್ಯಾಂಕಿಗೂ ಅದೇ ಮರ್ಯಾದೆ ಸಿಕ್ತು. ಬಂದ್, ಖಾಲಿ, ಚಕಚಕ ಅಂತ ಬಿಚ್ಚಿದ್ರು. ವಾಷರ್ ಹೊಸದು, ಬೋಲ್ಟು ಹೊಸದು, ನೀರು ಬರೋ ಪೈಪೂ ಹೊಸದು. ಎರಡು ಸಲ ಬಿಚ್ಚಿ ಎರಡು ಸಲ ಜೋಡಿಸಿದ್ರು. ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ, ಟ್ಯಾಂಕಿನ ತಳ ಬೆರಳಲ್ಲಿ ಸವರಿ ಸವರಿ ನೋಡಿದ್ರು. ಒಂದು ಹನಿ ಇಲ್ಲ.

ಮಾರನೇ ದಿನ ಬೆಳಿಗ್ಗೆ ನೀರು ಹಾಜರ್.

"ನೀಲಿ ಡಬ್ಬ ಕೊಡು," ಅಂದ್ರು.

ಬಿಳಿ ಬಟ್ಟೆಗೆ ಹಾಕೋ ನೀಲಿ. ಪ್ರತಿ ಸಲ ಫ್ಲಶ್ ಮಾಡಿದ ಮೇಲೂ ಟ್ಯಾಂಕಿಗೆ ಒಂದು ಚಮಚ ಹಾಕಬೇಕು ಅಂತ ಆಜ್ಞೆ. ಟ್ಯಾಂಕ್ ಸೋರಿದ್ರೆ ನೆಲದ ಮೇಲೆ ನೀಲಿ ನೀರು ಬರಲೇಬೇಕು, ಆಗ ಕಳ್ಳ ಸಿಕ್ಕಿಬೀಳ್ತಾನೆ. ಮೂರು ದಿನ ನಮ್ಮ ಕಮೋಡಲ್ಲಿ ಆಕಾಶ. ಸೊಸೆಯ ಬಿಳಿ ಟವಲ್ಲಿಗೆ ಒಂದು ಮೂಲೆ ನೀಲಿ, ಅದಕ್ಕೊಂದು ಪಂಚಾಯಿತಿ. ನಾಲ್ಕನೇ ದಿನ ಬೆಳಿಗ್ಗೆ ಮೂವರೂ ಬಾಗಿಲಲ್ಲಿ ನಿಂತು ಬಗ್ಗಿ ನೋಡಿದ್ವಿ. ನೆಲದ ಮೇಲೆ ನೀರಿತ್ತು. ಶುದ್ಧ ತಿಳಿ ನೀರು. ನೀಲಿ ಅನ್ನೋದು ಎಳ್ಳಷ್ಟೂ ಇಲ್ಲ.

"ವಯಸ್ಸಾದೋರದು ನೀರಿನ ಹಾಗೇ ಇರುತ್ತಂತೆ, ಎಲ್ಲೋ ಓದಿದ್ದೆ," ಅಂತ ಸೊಸೆ ನನ್ನ ಕಿವೀಲಿ ಹೇಳಿದಳು. ಅವಳು ಪಿಸುಗುಟ್ಟಿದ್ರೆ ಪಕ್ಕದ ಬೀದಿಗೆ ಕೇಳುತ್ತೆ.

ಇವರು ನೀಲಿ ಡಬ್ಬದ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತ್ರು. ನಾನು ದಡ್ಡಿ, ಸೋತಿದ್ದಕ್ಕೆ ಸಿಟ್ಟು ಅಂದ್ಕೊಂಡೆ. ದಿನದ ಹಾಗೆ ಅರ್ಧ ಬಾಟಲಿ ಫಿನೈಲ್ ಸುರಿದು ನೆಲ ಒರೆಸಿದೆ.

ಅವತ್ತು ಸಾಯಂಕಾಲ ಇವರ ಅಕ್ಕ ಫೋನ್ ಮಾಡಿದ್ರು. ಎಂಬತ್ತು ದಾಟಿದ ಹೆಂಗಸು, ಇರೋದು ಎಂಟು ಗಂಟೆ ಬಸ್ ದಾರಿಯಲ್ಲಿ. ಎತ್ತಿ ಆಡಿಸಿದ ತಮ್ಮನ್ನ ಇವತ್ತಿಗೂ ಪುಟ್ಟ ಅಂತಾನೇ ಕರೀತಾರೆ. ವರ್ಷಕ್ಕೊಂದು ಸಲ ಇವರು ಹೋಗಿ ನಾಲ್ಕು ದಿನ ಇದ್ದು, ಅಕ್ಕನ ಮನೆ ನಲ್ಲಿಗಳನ್ನೆಲ್ಲ ಒಂದು ಸುತ್ತು ಸರಿ ಮಾಡಿ, ಬೈಸಿಕೊಂಡು, ಖುಷಿಯಾಗಿ ಬರ್ತಾರೆ. ಹೋಗೋಕೆ ಹದಿನೈದು ದಿನ ಮುಂಚೆಯೇ ಚೀಲ ತೆಗೆದು ಧೂಳು ಕೊಡವೋ ಗಿರಾಕಿ ಇವರು.

"ಇಲ್ಲಕ್ಕ, ಈ ಸಲ ಆಗಲ್ಲ. ಮೊಣಕಾಲು ನೋವು," ಅಂದ್ರು ಫೋನಲ್ಲಿ.

ನಾನು ಹೊಲಿಗೆ ಮಿಷನ್ ನಿಲ್ಲಿಸಿದೆ. ಮೊಣಕಾಲಾ? ಮೊನ್ನೆ ಮೊನ್ನೆ ತಾನೇ ನೆಲದ ಮೇಲೆ ಮಲಗಿ ಎದ್ದ ಮೊಣಕಾಲು! ಫೋನ್ ಇಟ್ಟ ತಕ್ಷಣ ಹಿಡಿದೆ. "ಏನ್ರೀ ನಾಟಕ ಇದು? ಎಂಬತ್ತು ವರ್ಷದವರು ಕಾಯ್ತಾ ಕೂತಿದ್ದಾರೆ. ಇನ್ನೆಷ್ಟು ಸಲ ಕರೀತಾರೆ ಅವರು?"

"ಆಗಲ್ಲ ಅಂದ್ರೆ ಆಗಲ್ಲ."

"ಕಾರಣ ಹೇಳಿ."

"ಹೇಳಿದೆನಲ್ಲ."

ಜಪ್ಪಯ್ಯ ಅಂದ್ರೂ ಬಾಯಿ ಬಿಡಲಿಲ್ಲ. ನಾನೂ ಬಿಡೋಳಲ್ಲ. ಎರಡು ದಿನ ಮಾತು ಬಿಟ್ಟೆ. ನಾನು ಮಾತು ಬಿಟ್ಟರೆ ಇವರಿಗೆ ಅದು ರಜೆ ಇದ್ದ ಹಾಗೆ ಅಂತ ಆಮೇಲೆ ನೆನಪಾಗಿ ಮತ್ತೆ ಶುರು ಮಾಡಿದೆ.

ಮೂರನೇ ದಿನ ಹಾಸಿಗೆ ಬಟ್ಟೆ ಬದಲಾಯಿಸೋಕೆ ಅಂತ ಇವರ ಮಂಚದ ಮೇಲಿನ ದುಪ್ಪಟಿ ಎಳೆದೆ. ಚರಪರ ಅಂತು. ಕೆಳಗೆ ಪ್ಲಾಸ್ಟಿಕ್. ಹೊಲಿದ ಬಟ್ಟೆ ಸುತ್ತಿ ಕೊಡೋಕೆ ಅಂತ ನಾನು ತಂದಿಡೋ ಹಾಳೆಗಳು. ನಾಲ್ಕು ಹಾಳೆ ಸೇರಿಸಿ, ಪೈಪಿಗೆ ಸುತ್ತೋ ಟೇಪಿಂದ ಅಂಚಿಗೆ ಅಂಚು ಕೂಡಿಸಿ, ನಾಲ್ಕೂ ಮೂಲೆ ಒಳಗೆ ಮಡಚಿ, ಒಂದು ಹನಿ ಆಚೆ ಹೋಗದ ಹಾಗೆ ಮಾಡಿದ್ರು. ಕೆಲಸ ಅಂದ್ರೆ ಕೆಲಸ. ನನ್ನ ಹಾಳೆ ಕದ್ದಿದ್ದಕ್ಕೆ ಬೈಬೇಕು ಅಂತ ಬಾಯಿ ತೆಗೆದೋಳು ಹಾಗೇ ನಿಂತೆ.

ಅಯ್ಯೋ ದೇವರೇ. ಈ ಮನುಷ್ಯ ನಂಬಿಬಿಟ್ಟಿದ್ದಾರೆ.

ಆಗ ಎಲ್ಲ ಅರ್ಥ ಆಯ್ತು. ಇವರ ಕೈ ಹತ್ತಿದ ಜಾಯಿಂಟ್ ಸೋರಲ್ಲ ಅಂತ ಇವರಿಗೆ ಗಟ್ಟಿ ನಂಬಿಕೆ. ಟ್ಯಾಂಕ್ ಬಿಚ್ಚಿ ನೋಡಿದ್ರು, ಸೋರ್ತಿಲ್ಲ. ನೀಲಿ ಹಾಕಿ ನೋಡಿದ್ರು, ಸೋರ್ತಿಲ್ಲ. ಟ್ಯಾಂಕ್ ಅಲ್ಲ ಅಂದ್ಮೇಲೆ ಸೋರ್ತಿರೋದು ತಾನೇ ಅಂತ ಇವರ ಲೆಕ್ಕ! ಹೋಗಲಿ, ಮೂಸಿ ನೋಡೋಣ ಅಂದ್ರೆ ಮೋರಿ ಕೆಲಸ ಮಾಡಿ ಮಾಡಿ ಇವರ ಮೂಗು ಯಾವತ್ತೋ ರಾಜೀನಾಮೆ ಕೊಟ್ಟಿದೆ. ನನ್ನ ಮೂಗು ನೆಟ್ಟಗಿತ್ತು. ಆದ್ರೆ ನಾನು ಮಹಾರಾಣಿ, ನೀರು ಕಂಡ ತಕ್ಷಣ ಫಿನೈಲ್ ಸುರಿದು ಇದ್ದ ಒಂದು ಸಾಕ್ಷೀನೂ ತೊಳೆದು ಹಾಕ್ತಿದ್ದೆ. ಮೇಲೆ "ನೋಡಿಕೊಂಡು ಹೋಗಬಾರದಾ" ಅಂತ ಬೇರೆ. ಎಂಟು ಗಂಟೆ ಬಸ್ಸಲ್ಲಿ ನಾಲ್ಕು ಜನರ ಮಧ್ಯೆ ಹೇಗೆ ಕೂರೋದು ಅಂತ ಹೆದರಿ ಅಕ್ಕನಿಗೇ ಇಲ್ಲ ಅಂದಿದ್ದಾರೆ. ಮಂಚದ ತುದೀಲಿ ಕೂತು ಚೆನ್ನಾಗಿ ಅತ್ತೆ, ಆಮೇಲೆ ಪ್ಲಾಸ್ಟಿಕ್ ಇದ್ದ ಹಾಗೇ ಹಾಸಿ ಮೇಲೆ ಒಗೆದ ದುಪ್ಪಟಿ ಹಾಕಿದೆ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಆ ನೀರು ಯಾರದು ಅಂತ ನಾನೇ ನೋಡ್ತೀನಿ!

ಮಾರನೇ ದಿನ ಸೊಸೆ ಎಂದಿನ ಹಾಗೆ ಅರ್ಧ ಗಂಟೆ ಸುಡು ಸುಡು ನೀರಲ್ಲಿ ಸ್ನಾನ ಮಾಡಿ ಹೊರಟಳು. ಇವರು ಬಚ್ಚಲ ಕಡೆ ಹೆಜ್ಜೆ ಹಾಕೋ ಮುಂಚೆಯೇ, "ರೀ, ಷರ್ಟಿನ ಗುಂಡಿ ಖಾಲಿಯಾಗಿದೆ, ಹೋಗಿ ತನ್ನಿ, ಅರ್ಜೆಂಟು" ಅಂದೆ.

"ಹೋಗಿ ಬಂದು..."

"ಅಂಗಡಿ ಪಕ್ಕ ಸಾರ್ವಜನಿಕ ಶೌಚಾಲಯ ಇದೆ, ನೀವೇ ಪೈಪ್ ಹಾಕಿದ್ದು, ಅಲ್ಲೇ ಹೋಗಿ!"

ಹುಚ್ಚಿಯನ್ನ ನೋಡೋ ಹಾಗೆ ನೋಡಿ ಹೋದ್ರು. ನಾನು ಬಚ್ಚಲ ನೆಲ ಒಣ ಬಟ್ಟೇಲಿ ಒಂದು ಹನಿ ಉಳಿಯದ ಹಾಗೆ ಒರೆಸಿದೆ. ಒರೆಸಿದ ಕೊಳೆ ನೀರು ಕಮೋಡಿಗೆ ಸುರಿದು ಫ್ಲಶ್ ಒತ್ತಿದೆ. ಒಂದು ಸ್ಟೂಲ್, ಕಾಲರ್ ಕೂರಿಸಬೇಕಾದ ಒಂದು ಷರ್ಟು, ಸೂಜಿ ದಾರ ತಗೊಂಡು ಒಳಗೆ ಕೂತು ಬಾಗಿಲು ಹಾಕಿಕೊಂಡೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಟ್ಯಾಂಕನ್ನೇ ನೋಡ್ತಾ ಕೂತೆ. ಮಧ್ಯೆ ಯಾರೋ ಬಂದು ಹೊರಗಿಂದ "ಅಮ್ಮ, ಬ್ಲೌಸ್ ಆಯ್ತಾ?" ಅಂತ ಕೂಗಿದ್ರು. "ಕಕ್ಕಸಲ್ಲಿ ಹೊಲೀತಿದ್ದೀನಿ, ಆಮೇಲೆ ಬನ್ನಿ" ಅಂದೆ. ಆ ಗಿರಾಕಿ ಮತ್ತೆ ಬರೋಕೆ ಒಂದು ವಾರ ಹಿಡೀತು.

ಹತ್ತು ನಿಮಿಷಕ್ಕೆ ಬಿಳಿ ಟ್ಯಾಂಕಿನ ಹೊಳಪು ಮಂಕಾಯ್ತು. ಯಾರೋ ಬಾಯಿಂದ ಹಾ ಅಂತ ಊದಿದ ಹಾಗೆ. ಎದ್ದು ಬೆರಳಿಂದ ಎಳೆದೆ, ಗೆರೆ ಬಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಸಾಸಿವೆ ಗಾತ್ರದ ಹನಿಗಳು. ಸಾಸಿವೆ ಸಾಸಿವೆ ಸೇರಿ ದಪ್ಪ ಹನಿ. ದಪ್ಪ ಹನಿ ಜಾರ್ತಾ ಜಾರ್ತಾ ಟ್ಯಾಂಕಿನ ತಳಕ್ಕೆ ಬಂದು ನೇತಾಡ್ತು.

ತೊಟ್!

ಆಮೇಲೆ ಇನ್ನೊಂದು. ನೆಲದ ಇಳಿಜಾರು ಹಿಡಿದು ಸೀದಾ ಕಮೋಡಿನ ಮುಂದಕ್ಕೆ ಬಂದು ನಿಂತ್ಕೊಂಡಿತು ನೀರು, ಗಂಡಸರು ನಿಲ್ಲೋ ಜಾಗದಲ್ಲೇ. ಮನೇಲಿ ಗಂಡಸು ಅನ್ನೋ ಪ್ರಾಣಿಯೇ ಇಲ್ಲ! ಸ್ಟೂಲಿಂದ ಎದ್ದು, ಈ ವಯಸ್ಸಲ್ಲಿ, ಷರ್ಟು ಕೈಯಲ್ಲಿ ಹಿಡಿದು ಕುಣಿದೆ.

ಇವರು ಗುಂಡಿ ತಗೊಂಡು ಬಂದ ತಕ್ಷಣ ತೋಳು ಹಿಡಿದು ಎಳ್ಕೊಂಡು ಬಂದೆ. ನೆಲ ನೋಡಿ ಇವರ ಮುಖ ಇಳೀತು. "ಮತ್ತೆ ನೀರಾ?"

"ನೀರೇ. ನಿಮ್ಮದಲ್ಲ. ಟ್ಯಾಂಕಿದು."

"ಟ್ಯಾಂಕ್ ಸೋರಲ್ಲ," ಅಂತ ಇವರ ಕೈ ಅಭ್ಯಾಸಬಲದಿಂದ ವಾಲ್ವ್ ಕಡೆ ಹೋಯ್ತು. ಫಟ್ ಅಂತ ಹೊಡೆದೆ.

"ಮುಟ್ಟಿದ್ರೆ ನೋಡಿ! ಬಂದ್ ಮಾಡಿ ಖಾಲಿ ಮಾಡಿ ಮಾಡಿಯೇ ನಿಮಗೆ ಕಾಣಿಸದೇ ಹೋಗಿದ್ದು. ತುಂಬಿರೋವಾಗ ನೋಡಿ ಒಂದು ಸಲ. ಕೂತ್ಕೊಳ್ಳಿ."

ಕಮೋಡಿನ ಮುಚ್ಚಳದ ಮೇಲೆ ಇವರು, ಸ್ಟೂಲ್ ಮೇಲೆ ನಾನು. ಒಂದು ಬಕೆಟ್ ಬಿಸಿನೀರು ಇಟ್ಟು ಬಾಗಿಲು ಹಾಕಿದೆ. ಟ್ಯಾಂಕ್ ಒರೆಸಿ ಒಣಗಿಸಿ, ಫ್ಲಶ್ ಒತ್ತಿ ಹೊಸ ನೀರು ತುಂಬಿಸಿದೆ. ಮದುವೆಯಾದ ಹೊಸದರಲ್ಲಿ ಸಿನಿಮಾಕ್ಕೆ ಹೋಗಿದ್ದು ಬಿಟ್ರೆ ಇಬ್ಬರೂ ಅಕ್ಕಪಕ್ಕ ಕೂತು ಒಂದನ್ನೇ ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಮಂಕು ಬಂತು, ಸಾಸಿವೆ ಬಂತು, ಹನಿ ಬಂತು. ಇವರು ಹನಿಯನ್ನ ಬೆರಳ ತುದೀಲಿ ತಗೊಂಡು ಕನ್ನಡಕದ ಹತ್ತಿರ ಹಿಡಿದು ನೋಡಿದ್ರು.

"ಇದು ಬೆವರು," ಅಂದ್ರು ನಿಧಾನಕ್ಕೆ. "ಒಳಗಿಂದ ಬಂದಿದ್ದಲ್ಲ, ಗಾಳಿದು. ಅದಕ್ಕೇ ನೀಲಿ ಇಲ್ಲ. ಬೀದಿಗೆ ಹೊಸ ಬೋರ್‌ವೆಲ್ ನೀರು ಬಿಟ್ಟರಲ್ಲ ಹೋದ ತಿಂಗಳು, ಆಳದ ನೀರು, ಐಸ್ ಇದ್ದ ಹಾಗಿದೆ. ಮೇಲೆ ಸ್ನಾನದ ಹಬೆ. ತಣ್ಣಗಿರೋ ಟ್ಯಾಂಕಿಗೆ ಹಬೆ ತಾಗಿ ನೀರಾಗ್ತಿದೆ." ಕಿಟಕಿ ಕಡೆ ನೋಡಿದ್ರು. "ಚಳಿ ಗಾಳಿ ಬರುತ್ತೆ ಅಂತ ಕಿಟಕಿಗೆ ಹಲಗೆ ಹೊಡೆದೋನೂ ನಾನೇ. ಹಬೆ ಹೋಗೋದಾದ್ರೂ ಎಲ್ಲಿಗೆ?"

"ಇಷ್ಟು ವರ್ಷ ಪ್ಲಂಬರ್ ಆಗಿ ಇದು ಗೊತ್ತಿರಲಿಲ್ವಾ?"

"ಗೊತ್ತಿತ್ತು ಕಣೇ. ಬೇರೆಯವರ ಮನೇದಾಗಿದ್ರೆ ತಕ್ಷಣ ಹೊಳೀತಿತ್ತು. ನಮ್ಮನೇಲಿ... ಸೋರ್ತಿರೋದು ನಾನೇ ಅಂತ ಅಂದ್ಕೊಂಡುಬಿಟ್ಟಿದ್ದೆ."

ಅಷ್ಟು ಹೇಳಿ ಟ್ಯಾಂಕಿಗೆ ಹಣೆ ಕೊಟ್ಟು ಅಳೋಕೆ ಶುರು ಮಾಡಿದ್ರು. ನಾನು ಬೆನ್ನು ಸವರಿದೆ. ಬಾಯಲ್ಲಿ ಮಾತ್ರ, "ಹಣೆ ಎತ್ರೀ, ಇನ್ನೂ ಒದ್ದೆಯಾಗುತ್ತೆ" ಅಂದೆ. ಅಳ್ತಾನೇ ನಕ್ಕರು.

ಮೊದಲ ಔಷಧಿ ನನ್ನದು. ಹತ್ತಿ ತುಂಬಿ, ಹೂವಿನ ಬಟ್ಟೆ ಹಾಕಿ, ಟ್ಯಾಂಕಿಗೊಂದು ಕೋಟು ಹೊಲಿದೆ. ಮೂರೇ ದಿನ. ಕೋಟು ನೀರು ಕುಡಿದು ಕುಡಿದು ಮುಗ್ಗಲು ನಾತ ಹೊಡೆಯೋಕೆ ಶುರುವಾಯ್ತು. "ಹೊರಗೆ ಹೊದಿಸಿದ್ರೆ ಆಗಲ್ಲ ಕಣೇ. ಚಳಿ ಇರೋದು ಒಳಗೆ, ಒಳಗೇ ತಡೀಬೇಕು," ಅಂದ್ರು. ಇವರ ಗತ್ತು ವಾಪಸ್ ಬಂದಿತ್ತು, ನನಗೂ ಅದೇ ಬೇಕಿತ್ತು.

ನೀರು ಹೀರದ ಫೋಮ್ ಹಾಳೆ ಬೇಕು ಅಂದ್ರು. ಸೊಸೆ ರೂಮಲ್ಲಿ ಯೋಗದ ಚಾಪೆ ಇತ್ತು. ತಂದು ಎರಡು ವರ್ಷ, ಹಾಸಿದ್ದು ಎರಡು ಸಲ. ನಾನು ಯಾರನ್ನೂ ಕೇಳೋಕೆ ಹೋಗಲಿಲ್ಲ. ವಾಲ್ವ್ ಬಂದ್, ಟ್ಯಾಂಕ್ ಖಾಲಿ, ಈ ಸಲ ಆ ನಿಯಮ ಕೆಲಸಕ್ಕೆ ಬಂತು. ತಳದಲ್ಲಿ ಉಳಿದ ನೀರನ್ನ ಸ್ಪಂಜಲ್ಲಿ ಹಿಂಡಿ ತೆಗೆದು, ಒಂದು ದಿನ ಪೂರ್ತಿ ಫ್ಯಾನ್ ಹಾಕಿ ಒಣಗಿಸಿದ್ರು. ಒದ್ದೆ ಗೋಡೆಗೆ ಗೋಂದು ಹಿಡಿಯಲ್ಲವಂತೆ. ಅಲ್ಲೀವರೆಗೂ ಎಲ್ಲರಿಗೂ ಬಕೆಟ್ಟೇ ಗತಿ. ನಾನು ಟೇಪ್ ಹಿಡಿದು ಟ್ಯಾಂಕಿನ ಒಳಗಿನ ಅಳತೆ ತೆಗೆದು, ಪೇಪರಲ್ಲಿ ಮಾದರಿ ಕತ್ತರಿಸಿ, ಚಾಪೆ ಕತ್ತರಿಸಿ ಕೊಟ್ಟೆ. ನೀರಿಗೆ ಬಿಡದ ಗೋಂದು ಹಚ್ಚಿ ಇವರು ನಾಲ್ಕೂ ಗೋಡೆಗೆ ಒತ್ತಿದ್ರು. "ಇಲ್ಲಿ ರವಿಕೆಗೆ ತೆಗೆಯೋ ಹಾಗೆ ಕಂಕುಳು ಸ್ವಲ್ಪ ತೆಗಿ, ತೇಲೋ ಚೆಂಡಿಗೆ ತಾಗುತ್ತೆ," ಅಂತ ಇವರು. "ಕಂಕುಳು ತೆಗೆಯೋದು ನನಗೆ ಹೇಳಿಕೊಡಬೇಡಿ," ಅಂತ ನಾನು. ಮದುವೆಯಾದ ಮೇಲೆ ಇಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು, ಮಗನ್ನ ಬಿಟ್ರೆ. ಕಿಟಕಿ ಹಲಗೇನೂ ಕಿತ್ತು ಹಾಕಿದ್ರು. ಸ್ನಾನ ಮಾಡಿದೋರು ಕಿಟಕಿ ತೆಗೆದೇ ಬರಬೇಕು ಅಂತ ಕಾನೂನು ಆಯ್ತು.

ಸೊಸೆ ಚಾಪೆಗೆ ಒಂದು ಗಂಟೆ ಕೂಗಾಡಿದಳು. ಆಮೇಲೆ ಸುಮ್ಮನೆ ಬಂದು, "ಮಾವ, ತಪ್ಪಾಯ್ತು. ನಾನು ಹಾಗೆ ಮಾತಾಡಬಾರದಿತ್ತು" ಅಂದಳು. "ಬಿಡಮ್ಮ, ನಿನ್ನ ಚಾಪೆಗೂ ಒಂದು ಕೆಲಸ ಸಿಕ್ತಲ್ಲ" ಅಂದ್ರು. ಒಂದು ವಾರ ನೋಡಿದ್ವಿ. ನೆಲ ಒಣ ಒಣ. ಅಕ್ಕನಿಗೆ ಫೋನ್ ಹೋಯ್ತು, ಮೊಣಕಾಲು ಪವಾಡದಂತೆ ವಾಸಿಯಾಗಿದೆ ಅಂತ. ಅಷ್ಟೇ ಅಲ್ಲ, ಈ ಸಲ ನೀನೂ ಬರಲೇಬೇಕು ಅಂತ ಇವರು ನನಗೆ ಗಂಟುಬಿದ್ರು. ಹೊಲಿಗೆ ಬಾಕಿ ಇದೆ ಅಂತ ಎಷ್ಟು ವರ್ಷ ತಪ್ಪಿಸಿಕೊಳ್ಳೋದು? ಹೂಂ ಅಂದೆ.

ಹೊರಡೋ ದಿನ ಬೆಳಿಗ್ಗೆ. ಚೀಲಗಳು ಬಾಗಿಲ ಹತ್ತಿರ, ಸೊಸೆ ಕೆಲಸಕ್ಕೆ ಹೋಗಿಯಾಗಿತ್ತು. ನಾನು ಕೊನೇ ಸಲ ಬಚ್ಚಲಿಗೆ ಹೋದೆ. ಕಿಟಕಿ ಚಿಲಕ ಎತ್ತರದಲ್ಲಿದೆ. ಕಮೋಡಿನ ಮುಂದೆ ನಿಂತು, ತುದಿಗಾಲಲ್ಲಿ ಮೈ ಎಳೆದು ಅದನ್ನ ಹಾಕೋಕೆ ಹೋದಾಗ ಒಂದು ಸೀನು ಬಂತು. ಸೀನೊಂದೇ ಬರಲಿಲ್ಲ.

ಹಾಗೇ ನಿಂತೆ. ಬಟ್ಟೆ ಒದ್ದೆ, ಕಾಲು ಒದ್ದೆ, ನೆಲ ಒದ್ದೆ.

"ಹೊತ್ತಾಯ್ತು ಕಣೇ, ಏನು ಮಾಡ್ತಿದ್ದೀಯ?" ಅಂತ ಇವರು ಬಂದೇಬಿಟ್ರು. ನೆಲ ನೋಡಿದ್ರು. ನನ್ನ ಮುಖ ನೋಡಿದ್ರು. ಕೈ ಚಾಚಿ ಟ್ಯಾಂಕ್ ಮುಟ್ಟಿದ್ರು. ಅದು ಒಣಗಿತ್ತು, ನನಗೂ ಗೊತ್ತಿತ್ತು.

"ನಾನು ಬರಲ್ಲ ರೀ. ನೀವು ಹೋಗಿ ಬನ್ನಿ. ಎರಡು ಬ್ಲೌಸ್ ಬಾಕಿ ಇದೆ."

ಇವರು ಬಾಗಿಲ ಹಿಂದಿನ ಬಟ್ಟೆ ತಗೊಂಡು ಮಂಡಿಯೂರಿ ನೆಲ ಒರೆಸಿದ್ರು. "ಹಾಳಾದ ಟ್ಯಾಂಕು, ಇನ್ನೂ ಬೆವರೋದು ಬಿಟ್ಟಿಲ್ಲ."

"ಸುಳ್ಳು ಹೇಳಬೇಡಿ. ಒಣಗಿದೆ ಅದು."

"ಪ್ಲಂಬರ್ ನಾನಾ, ನೀನಾ? ಬೆವರು ಅಂದ್ರೆ ಬೆವರು."

ಬಟ್ಟೆ ಹಿಂಡಿ ಕೈ ತೊಳೆದು, ಜೇಬಿಂದ ಒಂದು ಮಡಚಿದ ಚೀಟಿ ತೆಗೆದು ನನ್ನ ಮುಂದೆ ಹಿಡಿದ್ರು. ಪೆನ್ಸಿಲಲ್ಲಿ ಬರೆದಿದ್ರು. ಬಸ್ ಎಲ್ಲೆಲ್ಲಿ ನಿಲ್ಲುತ್ತೆ, ಎಷ್ಟೆಷ್ಟು ನಿಮಿಷ, ಎಲ್ಲಿ ಕಕ್ಕಸಿದೆ, ಎಲ್ಲಿ ನೀರು ಬರುತ್ತೆ, ಎಲ್ಲಿ ಚಿಲಕ ಸರಿ ಇಲ್ಲ. ಮೂರನೇ ಜಾಗದ ಮುಂದೆ, "ಹೊಲಸು, ಎದುರಿನ ಪೆಟ್ರೋಲ್ ಬಂಕಿಗೆ ಹೋಗುವುದು" ಅಂತ ಇತ್ತು.

"ಇದನ್ನ ಯಾವಾಗ ಮಾಡಿದ್ರಿ?"

"ಅಕ್ಕನಿಗೆ ಬರಲ್ಲ ಅಂದೆನಲ್ಲ, ಅದರ ಮಾರನೇ ದಿನ. ಬಸ್ ಸ್ಟ್ಯಾಂಡಿಗೆ ಹೋಗಿ ಡ್ರೈವರ್ ಹತ್ರ ಕೂತು ಕೇಳಿ ಕೇಳಿ ಬರ್ಕೊಂಡೆ. ಹೇಗಾದ್ರೂ ಹೋಗೋಕಾಗುತ್ತಾ ಅಂತ." ಚೀಟಿ ನನ್ನ ಅಂಗೈಗೆ ಒತ್ತಿದ್ರು. "ಯಾವಾಗ ಬೇಕಾದ್ರೂ ನಿಲ್ಲಿಸ್ತೀನಿ ಅಂದಿದ್ದಾನೆ ಅವನು, ಒಳ್ಳೆ ಮನುಷ್ಯ. ಹೋಗು, ಬಟ್ಟೆ ಬದಲಾಯಿಸ್ಕೋ. ಒಂದು ಜೊತೆ ಕೈಚೀಲದಲ್ಲೂ ಇಟ್ಕೋ."

ನಾನು ಹೋಗಿ ಬಟ್ಟೆ ಬದಲಾಯಿಸಿಕೊಂಡೆ. ಒಂದು ಜೊತೆ ಕೈಚೀಲದಲ್ಲಿ ಇಟ್ಕೊಂಡೆ.